ಒಂಬತ್ತು ಪ್ರಶ್ನೆ, ಒಂದು ಹೂಂ

ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಪುಟ್ಟ ಕೋಣೆಯ ಬೀಗ ತೆಗೆದು ಫೋನಕ್ಕ ಮೊದಲು ಮಾಡುವ ಕೆಲಸ ಕಿಟಕಿ ಮುಚ್ಚುವುದು. ಕೆಳಗೆ ಹಾಲಿನ ಲಾರಿ ಹಿಂದೆ ಹಿಂದೆ ಬರುವಾಗ ಕುಂಯ್ ಕುಂಯ್ ಎಂದು ಊರಿಗೆಲ್ಲ ಸಾರುತ್ತದೆ. ಆ ಸದ್ದು ಫೋನಿನೊಳಗೆ ನುಗ್ಗಬಾರದು. ಆಮೇಲೆ ರಿಸೀವರ್ ಒರೆಸುತ್ತಾರೆ, ಒಂದು ಲೋಟ ಬಿಸಿನೀರು ಕುಡಿದು ಗಂಟಲು ಸರಿಮಾಡಿಕೊಳ್ಳುತ್ತಾರೆ. ದಿನದ ಮೊದಲ ಕರೆ, ರಾತ್ರಿಪಾಳಿಯ ಕೊನೆಯ ಬನ್ನುಗಳನ್ನು ಒಲೆಗೆ ತಳ್ಳಿ ಸ್ಟೂಲಿನ ಮೇಲೆ ಕೂತಿರುವ ಬೇಕರಿಯವನಿಗೆ.

"ನಮಸ್ಕಾರ. ಕಳೆದ ಒಂದು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಕೇಳ್ತೀನಿ. ಸೊನ್ನೆಯಿಂದ ಮೂರರೊಳಗೆ ಒಂದು ಅಂಕಿ ಹೇಳಿ. ಸೊನ್ನೆ ಅಂದ್ರೆ ಇಲ್ವೇ ಇಲ್ಲ, ಮೂರು ಅಂದ್ರೆ ದಿನಾಲೂ. ನೀವು ಡಾಕ್ಟರ ಹತ್ರ ಹೋಗ್ತಿದೀರೋ ಇಲ್ವೋ, ಅದು ಮಾತ್ರ ನಂಗೆ ಹೇಳಬೇಡಿ."

"ಬಾಯಿಪಾಠ ಆಗಿದೆ ಅಕ್ಕ. ಕೇಳಿ."

"ಯಾವ ಕೆಲಸದಲ್ಲೂ ಮನಸ್ಸಿಲ್ಲ ಅನ್ನಿಸಿದ್ದುಂಟಾ?"

"ಎರಡು."

ಫೋನಕ್ಕ ಬರೆದುಕೊಳ್ಳುವುದಿಲ್ಲ. ಕಾಯುತ್ತಾರೆ. ಆ ತುದಿಯಲ್ಲಿ ಒಲೆಯ ಗುಂಯ್ ಸದ್ದು.

"ಹೂಂ," ಎನ್ನುತ್ತಾರೆ.

"ಅಲ್ಲ, ಒಂದು ಅಂತ ಹಾಕ್ಕೊಳಿ. ನಿನ್ನೆ ನಾನು ಎಳ್ಳು ಉದುರಿಸ್ತಾ ಹಾಡು ಗುನುಗ್ತಿದ್ನಂತೆ. ನಂಗೇ ಗೊತ್ತಿಲ್ಲ. ಜೊತೆಯವನು ಬೈದ, 'ನಿನ್ನ ದನಿಗೆ ಹಿಟ್ಟೂ ಉಬ್ಬಲ್ಲ, ಮುಚ್ಚು ಬಾಯಿ' ಅಂತ."

"ಹೂಂ."

ನಗು ಬಂದರೂ ತುಟಿ ಕಚ್ಚಿ ನುಂಗಿ, ಫೋನಕ್ಕ ಒಂದು ಎಂದು ಬರೆಯುತ್ತಾರೆ. ನಗುವುದು ಕಾಯಿದೆಗೆ ವಿರುದ್ಧ.

ಕೆಲಸ ಇಷ್ಟೇ. ಮಂಕು ಕವಿದು ಮೇಲೇಳಲಾಗದವರಿಗೆ ಮಾತಿನ ಚಿಕಿತ್ಸೆ ಎಷ್ಟರಮಟ್ಟಿಗೆ ನಾಟುತ್ತದೆ ಎಂದು ಅಳೆಯುವ ಒಂದು ಸಂಶೋಧನೆ ಈ ಕಟ್ಟಡದಲ್ಲಿ ನಡೆಯುತ್ತಿದೆ. ಚೀಟಿ ಎತ್ತಿ ಜನರನ್ನು ಎರಡು ಪಾಲು ಮಾಡಿದ್ದಾರೆ. ಒಂದು ಪಾಲಿನವರು ವಾರಕ್ಕೊಮ್ಮೆ ಬಂದು ಮನಃಶಾಸ್ತ್ರಜ್ಞರ ಎದುರು ಕೂತು ಮಾತಾಡುತ್ತಾರೆ. ಇನ್ನೊಂದು ಪಾಲಿನವರು ಸರದಿ ಕಾಯುತ್ತಾರೆ. ಅವರಿಗೆ ಚಿಕಿತ್ಸೆ ಆಮೇಲೆ. ಇಬ್ಬರಿಗೂ ವಾರವಾರ ಫೋನು, ಅದೇ ಒಂಬತ್ತು ಪ್ರಶ್ನೆ. ಚಿಕಿತ್ಸೆಯವರು ಹಗುರಾಗಿ, ಕಾಯುವವರು ಇದ್ದಲ್ಲೇ ಇದ್ದರೆ, ಚಿಕಿತ್ಸೆ ಗೆದ್ದಂತೆ. ಯಾರು ಯಾವ ಪಾಲು ಎನ್ನುವುದು ಫೋನ್ ಮಾಡುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಅಳೆಯುವ ಕೈ ಒಂದು ಕಡೆಗೆ ವಾಲುತ್ತದೆ ಎನ್ನುತ್ತಾರೆ ಅಂಕಿಅಂಶ ನೋಡುವ ಲೆಕ್ಕದ ಮೇಡಂ.

ಕೋಣೆಯಲ್ಲಿ ಎರಡು ಮೇಜು, ಎರಡು ಫೋನು. ಎದುರು ಮೇಜಿನದು ರೈಲು ಮಾಮನದು. ಮೂವತ್ತು ವರ್ಷ ನಿಲ್ದಾಣದಲ್ಲಿ ಗಾಡಿಗಳ ಬರುಹೋಗು ಸಾರಿದ ಗಂಟಲು. ಒಂಬತ್ತು ಪ್ರಶ್ನೆಯೂ ಪ್ಲಾಟ್‌ಫಾರ್ಮಿಗೆ ಗಾಡಿ ಬಂದಂತೆ ಒಂದರ ಹಿಂದೊಂದು ಬಂದು, ನಿಂತು, ಹೊರಟೇಬಿಡುತ್ತವೆ. ಫೋನಕ್ಕನಿಗೆ ದಿನಕ್ಕೆ ಇಪ್ಪತ್ತು ಕರೆ ಮುಗಿಯುವ ಹೊತ್ತಿಗೆ ನೆತ್ತಿ ಸುಡುವ ಬಿಸಿಲು. ಮಾಮ ತಮ್ಮ ಇಪ್ಪತ್ತನ್ನೂ ಮುಗಿಸಿ, ಪೇಪರಿನ ಪದಬಂಧಕ್ಕೆ ಕೈಹಾಕಿ, ಅದೂ ಬೇಜಾರಾಗಿ ಕೂತಿರುತ್ತಾರೆ.

"ನೀನು ಪ್ರಶ್ನೆ ಕೇಳ್ತೀಯೋ, ಮೊಟ್ಟೆಗೆ ಕಾವು ಕೂರ್ತೀಯೋ?" ಎಂದು ರೇಗಿಸುತ್ತಾರೆ.

"ಅವರು ಇಡೋ ತನಕ ನಾನು ಫೋನ್ ಇಡಲ್ಲ ಮಾಮ. ಏನ್ ಮಾಡ್ಲಿ, ಬಂದ ಗುಣ," ಎನ್ನುತ್ತಾರೆ ಫೋನಕ್ಕ.

ಬಂದದ್ದು ತಮ್ಮನಿಂದ. ಚಿಕ್ಕಂದಿನಲ್ಲಿ ಅವನಿಗೆ ತೊದಲು. "ಅವನ ಮಾತನ್ನ ನಾವೇ ಮುಗಿಸಿದ್ರೆ ಮುನಿಸ್ಕೊಂಡು ಬಾಯೇ ಬಿಡ್ತಿರಲಿಲ್ಲ. ಅಪ್ಪ ಗದರಿದ್ರು, ಅಮ್ಮ ಅತ್ರು. ನಾನು ಹೂಂ ಅಂತ ಕಾಯ್ತಿದ್ದೆ. ಒಣಗಿದ ನಲ್ಲಿ ಇರತ್ತಲ್ಲ, ಹಾಗೆ. ಮೊದಲು ಬರೀ ಗಾಳಿ ಬುಸ್ ಅನ್ನತ್ತೆ. ತಿರುಗಿಸಿ ಮುಚ್ಚಿಬಿಟ್ರೆ ಹೋಯ್ತು. ಕಾದ್ರೆ ನೀರು ಬರತ್ತೆ." ಆ ತಮ್ಮ ಈಗ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಗಿರಾಕಿಗೆ ಉಸಿರಾಡಲೂ ಬಿಡದಂತೆ ಮಾತಾಡುತ್ತಾನೆ. "ನನ್ನ ತಪ್ಪೇ ಅದು," ಎಂದು ಅಕ್ಕ ನಗುತ್ತಾರೆ.

ಬೇಕರಿಯವನು ಎಳ್ಳಿನ ಕಥೆ ಹೇಳಿದ ದಿನವೇ ಮಧ್ಯಾಹ್ನ ಲೆಕ್ಕದ ಮೇಡಂ ಇಬ್ಬರನ್ನೂ ಕೆಳಗೆ ಕರೆಸುತ್ತಾರೆ. ಸಂಶೋಧನೆ ಅರ್ಧ ದಾರಿಗೆ ಬಂದಿದೆ. ಇಂಥ ಹೊತ್ತಿನಲ್ಲಿ ಒಮ್ಮೆ ಗುಟ್ಟಿನ ಪಟ್ಟಿ ತೆರೆದು ನೋಡುವುದು ಪದ್ಧತಿ. ಈ ಚಿಕಿತ್ಸೆಯನ್ನು ಹತ್ತು ವರ್ಷ ಕೂಸಿನಂತೆ ಸಾಕಿದ ದೊಡ್ಡ ಡಾಕ್ಟರು ಕಂಪ್ಯೂಟರ್ ಪರದೆಯ ಮುಂದೆ ನಿಂತಿದ್ದಾರೆ.

ರೈಲು ಮಾಮ ಫೋನ್ ಮಾಡಿದವರ ಮಂಕಿನ ಅಂಕಿಗಳ ರೇಖಾಚಿತ್ರ ಪಠ್ಯಪುಸ್ತಕದಲ್ಲಿ ಇರಬೇಕಾದಂತೆಯೇ ಇದೆ: ಚಿಕಿತ್ಸೆಯವರ ಗೆರೆ ಇಳಿದಿದೆ, ಕಾಯುವವರ ಗೆರೆ ಮಲಗಿದಲ್ಲೇ ಮಲಗಿದೆ. ಫೋನಕ್ಕ ಫೋನ್ ಮಾಡಿದವರಲ್ಲಿ ಎರಡು ಗೆರೆಗಳೂ ಅಕ್ಕತಂಗಿಯರ ಹಾಗೆ ಕೈಕೈ ಹಿಡಿದು ಇಳಿದುಹೋಗಿವೆ. ಯಾರಿಗೆ ಯಾರು ಫೋನ್ ಮಾಡಬೇಕು ಎನ್ನುವುದನ್ನೂ ಚೀಟಿ ಎತ್ತಿಯೇ ಗೊತ್ತುಮಾಡಿದ್ದು. ಹಾಗಾಗಿ ಸುಲಭದವರೆಲ್ಲ ಒಬ್ಬರಿಗೇ ಸಿಕ್ಕಿದರು ಎನ್ನುವಂತಿಲ್ಲ.

"ಇದು ಆಗೋ ಮಾತಲ್ಲ," ಎನ್ನುತ್ತಾರೆ ದೊಡ್ಡ ಡಾಕ್ಟರು. "ಕಾಯೋರಿಗೆ ನಾವು ಏನೂ ಕೊಟ್ಟಿಲ್ಲ. ಏನೂ ಕೊಡದೆ ಅವರು ಹೇಗ್ರೀ ಸರಿಹೋಗ್ತಾರೆ?" ಆಮೇಲೆ, ಫೋನಕ್ಕನ ಕಡೆ ತಿರುಗಿ, ದನಿ ತಗ್ಗಿಸಿ: "ನಿಜ ಹೇಳಿ. ಫೋನ್ ಮಾಡಿದ್ರೋ, ಕೂತಲ್ಲೇ ಅಂಕಿ ಬರೆದ್ರೋ?"

ಫೋನಕ್ಕನಿಗೆ ನೆಲ ಬಾಯ್ಬಿಟ್ಟಂತಾಗುತ್ತದೆ. ಬೆಳಕು ಹರಿಯುವ ಮುಂಚೆ ಎದ್ದು, ಮೂರು ಮಹಡಿ ಹತ್ತಿ, ಸಾವಿರಾರು ಸಲ ಅದೇ ಒಂಬತ್ತು ಮಾತು ಕೇಳಿದ್ದಕ್ಕೆ ಸಿಕ್ಕಿದ್ದು ಇದು: ಕಳ್ಳಿಯೆಂಬ ಹೆಸರು. ಮಾತು ಬರದವರ ಪರವಾಗಿ ಮಾತಾಡಿದ್ದು ರೈಲು ಮಾಮ.

"ಸಾರ್, ಈ ಹೆಂಗಸು ಸುಳ್ಳು ಹೇಳೋಕೂ ಎರಡು ನಿಮಿಷ ಕಾಯ್ತಾಳೆ. ಅಷ್ಟರಲ್ಲಿ ಸಿಕ್ಕಿಬೀಳ್ತಾಳೆ."

ಯಾರೂ ನಗುವುದಿಲ್ಲ. ಆದರೆ ಕರೆಗಳೆಲ್ಲ, ಆ ತುದಿಯವರ ಒಪ್ಪಿಗೆ ಪಡೆದು, ದಾಖಲಾಗಿವೆ. ಮೇಡಂ ಅವನ್ನು ಎಲ್ಲರ ಕಿವಿಗೆ ಬೀಳುವಂತೆ ಹಾಕುತ್ತಾರೆ. ಮೊದಲು ಮಾಮನದು, ಇನ್ನೇನು ಗಾಡಿ ಹೊರಟಿತು ಎಂಬಂತೆ ಮುಗಿಯುತ್ತದೆ. ಆಮೇಲೆ ಫೋನಕ್ಕನದು. ಪ್ರಶ್ನೆ. ಉತ್ತರ. ಮೌನ. ಹೂಂ. ಆ ಮೌನದೊಳಗಿಂದ ಟೈಲರಮ್ಮ ಒಬ್ಬಳು ತಾನು ತೋಳು ತಿರುಗುಮುರುಗಾಗಿ ಹೊಲಿದು ಅತ್ತದ್ದನ್ನು ಹೇಳುತ್ತಾಳೆ. ಹೂಂ. ಬಸ್ ಕಂಡಕ್ಟರ್ ಒಬ್ಬ ಅಮ್ಮ ತೀರಿದ ಮೇಲೆ ಮೊದಲ ಸಲ ಅಮ್ಮ ಎನ್ನುವ ಪದ ಆಡುತ್ತಾನೆ. ಹೂಂ. ಸಮಾಧಾನ ಹೇಳಬಾರದು ಎಂಬ ಕಾಯಿದೆಯಿದೆ, ಹೇಳಿಲ್ಲ. ಬುದ್ಧಿ ಹೇಳಬಾರದು, ಅದೂ ಇಲ್ಲ. ಪ್ರಶ್ನೆಯ ಒಂದಕ್ಷರ ಬದಲಾಗಿಲ್ಲ. ಹೂಂ ಅನ್ನಬಾರದು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

"ಅಯ್ಯಯ್ಯೋ! ಇದು ನಾನಾ?" ಎಂದು ಫೋನಕ್ಕ ಕೆನ್ನೆಗೆ ಕೈ ಹೊಡೆದುಕೊಳ್ಳುತ್ತಾರೆ. "ಇಷ್ಟೊಂದು ಹೂಂ ಅಂತೀನಾ ನಾನು?"

ಏಳು ಸಮುದ್ರದಾಚೆ, ಏಳು ಕೋಟೆಯೊಳಗೆ, ಗಿಳಿಯ ಕೊರಳಲ್ಲಿ ರಕ್ಕಸನ ಪ್ರಾಣ ಇರುತ್ತದೆಂದು ಅಜ್ಜಿಯಂದಿರು ಹೇಳುವುದುಂಟು. ಇಷ್ಟು ದೊಡ್ಡ ಸಂಶೋಧನೆಯ ಪ್ರಾಣ ಒಬ್ಬ ಹೆಂಗಸಿನ ಮುಚ್ಚಿದ ತುಟಿಯ ಹಿಂದೆ ಇತ್ತೆಂದರೆ ಯಾವ ಅಜ್ಜಿಯೂ ನಂಬಲಾರಳು. ದೊಡ್ಡ ಡಾಕ್ಟರೂ ನಂಬುವುದಿಲ್ಲ. "ನಾಳೆಯಿಂದ ಪ್ರಶ್ನೆ ಮಾತ್ರ. ಹೂಂ ಬೇಡ, ಕಾಯೋದೂ ಬೇಡ," ಎಂದು ಹೊರಟುಬಿಡುತ್ತಾರೆ. ಮಧ್ಯದಲ್ಲಿ ಅಳತೆಗೋಲು ಬದಲಿಸಿದರೆ ಅಳೆದದ್ದೆಲ್ಲ ಹಾಳು ಎಂದು ಮೇಡಂ ಹೇಳುವ ಹೊತ್ತಿಗೆ ಅವರು ಬಾಗಿಲು ದಾಟಿರುತ್ತಾರೆ.

ಮನೆಯಲ್ಲಿ ಸುದ್ದಿ ಕೇಳಿ, ಲಿಫ್ಟ್ ರಿಪೇರಿಯ ಗಂಡ ಕೈಯ ಗ್ರೀಸ್ ಒರೆಸುವುದನ್ನೂ ಮರೆತು ನಿಲ್ಲುತ್ತಾನೆ. "ಹೂಂ ಅಂದಿದ್ದಕ್ಕೆ ಬೈಸ್ಕೊಂಡ್ಯಾ? ಮದುವೆಯಾದಾಗಿಂದ ನಂಗೊಂದು ಹೂಂ ಸಿಕ್ಕಿಲ್ವಲ್ಲೇ!"

"ಅಮ್ಮಂದು ಆಫೀಸಲ್ಲಿ ಹೂಂ, ಮನೇಲಿ ಊಹೂಂ," ಎನ್ನುತ್ತಾಳೆ ಮಗಳು. ಕಿವಿ ಮಂದವಾದ ಅತ್ತೆ ಮಾತ್ರ, ಏನೂ ಕೇಳಿಸದೆಯೂ, ಸೊಸೆಯ ಮುಖ ನೋಡಿ ತಟ್ಟೆಯನ್ನು ಅವಳ ಹತ್ತಿರಕ್ಕೆ ತಳ್ಳುತ್ತಾರೆ.

ಮರುದಿನದಿಂದ ಫೋನಕ್ಕ ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿ ಕೂರುತ್ತಾರೆ. ಪ್ರಶ್ನೆ ಕೇಳುವಾಗ ತೆಗೆಯುವುದು, ಕೇಳಿದ ಮೇಲೆ ಕಚ್ಚುವುದು. ಕರೆಗಳು ಬೇಗಬೇಗ ಮುಗಿಯುತ್ತವೆ. ಪದಬಂಧಕ್ಕೆ ಜೊತೆ ಸಿಕ್ಕಿತೆಂದು ರೈಲು ಮಾಮ ಖುಷಿಪಡಬೇಕಿತ್ತು, ಪಡುವುದಿಲ್ಲ. "ಪೆನ್ಸಿಲ್ ತಿಂದು ಹೊಟ್ಟೆ ಕೆಡಿಸ್ಕೋಬೇಡ," ಎಂದಷ್ಟೇ ಹೇಳುತ್ತಾರೆ.

ವಾರ ತುಂಬಿ ಬೇಕರಿಯವನ ಸರದಿ ಬರುತ್ತದೆ. ಅವನ ದನಿ ಹಿಟ್ಟಿನಡಿ ಹೂತಂತಿದೆ. ಎರಡು. ಎರಡು. ಮೂರು. ಎಂಟನೇ ಪ್ರಶ್ನೆಗೆ ಎರಡು ಎಂದವನು ನಿಲ್ಲುತ್ತಾನೆ.

"ಅಕ್ಕ, ನಿನ್ನೆ ಒಂದು..."

ಫೋನಕ್ಕ ಪೆನ್ಸಿಲ್ ಕಚ್ಚುತ್ತಾರೆ.

"ಅಕ್ಕ? ಲೈನಲ್ಲಿದೀರಾ?"

ಪೆನ್ಸಿಲ್ ತೆಗೆಯುವಷ್ಟರಲ್ಲಿ ಅತ್ತ ಏನೋ ಕಿರ್ರೆನ್ನುತ್ತದೆ. "ಹೋಗ್ಲಿ ಬಿಡಿ," ಎನ್ನುತ್ತಾನೆ. ಟಕ್.

ಕೇಳದೆ ಉಳಿದದ್ದು ಒಂಬತ್ತನೆಯದು: ಬದುಕಿರೋದೇ ಬೇಡ ಅನ್ನಿಸಿದ್ದುಂಟಾ? ಅದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಆ ಕ್ಷಣವೇ ಡಾಕ್ಟರಿಗೆ ತಿಳಿಸಬೇಕು. ಉತ್ತರವೇ ಇಲ್ಲದಿದ್ದರೆ? ಅಲ್ಲಿ ಖಾಲಿ ಬಿಡುತ್ತಾರೆ. ಖಾಲಿಯನ್ನು ಲೆಕ್ಕದಿಂದ ತುಂಬುವ ದಾರಿಗಳು ಮೇಡಂ ಹತ್ತಿರ ಇವೆ. ಫೋನಕ್ಕನಿಗೆ ಆ ಖಾಲಿ ಚೌಕ ನೋಡಲಾಗುವುದಿಲ್ಲ. ಮತ್ತೆ ಹಚ್ಚುತ್ತಾರೆ. ರಿಂಗಾಗುತ್ತದೆ, ಎತ್ತುವವರಿಲ್ಲ. ಮತ್ತೆ. ಎತ್ತುವವರಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು, ಅಂದು ಬೇಗ ಬಂದು ಆಗಷ್ಟೇ ಕೋಣೆಯ ದೀಪ ಹಾಕುತ್ತಿದ್ದ ದೊಡ್ಡ ಡಾಕ್ಟರ ಮುಂದೆ ನಿಲ್ಲುತ್ತಾರೆ.

"ಸಾರ್, ಒಂಬತ್ತನೇದು ಕೇಳೋಕಾಗ್ಲಿಲ್ಲ. ಹುಡುಗ ಫೋನ್ ಎತ್ತುತ್ತಿಲ್ಲ."

ಡಾಕ್ಟರು ಕೈಚೀಲ ನೆಲಕ್ಕೆ ಬಿಟ್ಟು ತಾವೇ ಫೋನ್ ಹಚ್ಚುತ್ತಾರೆ. ಅವಸರದಲ್ಲಿ ನಂಬರು ತಪ್ಪುತ್ತದೆ. ಇನ್ನೊಮ್ಮೆ. ರಿಂಗು ಹೋಗಿ ಹೋಗಿ, ಇನ್ನು ಮುಗಿಯಿತು ಎನ್ನುವಾಗ, ಏದುಸಿರು:

"ಯಾರ್ರೀ ಅದು? ಒಲೆ ಗಂಟೆ ಹೊಡ್ಕೋತಿದೆ, ಎರಡು ತಟ್ಟೆ ಬನ್ ಇದ್ದಿಲಾಗಿದೆ ಇಲ್ಲಿ!"

ಡಾಕ್ಟರು ರಿಸೀವರನ್ನು ಫೋನಕ್ಕನ ಕೈಗಿಡುತ್ತಾರೆ. ಅವರು ಒಂಬತ್ತನೆಯದನ್ನು ಕೇಳುತ್ತಾರೆ, ಇದ್ದ ಹಾಗೆ, ಅಕ್ಷರ ಬದಲಿಸದೆ. ಆ ತುದಿ ಸುಮ್ಮನಾಗುತ್ತದೆ. ಪೆನ್ಸಿಲ್ ಮೇಲಿನ ಮಹಡಿಯಲ್ಲೇ ಉಳಿದಿದೆ.

"ಹೂಂ," ಎನ್ನುತ್ತಾರೆ ಫೋನಕ್ಕ.

"ಒಂದು ಅನ್ನಿ ಅಕ್ಕ." ಬಹಳ ಹೊತ್ತಿನ ಮೇಲೆ ಬರುತ್ತದೆ ಉತ್ತರ. "ನಿನ್ನೆ ಮಾತ್ರ. ಅದನ್ನೇ ಹೇಳೋಕೆ ಬಂದೆ. ನೀವಿರಲಿಲ್ಲ."

ಪಕ್ಕದಲ್ಲಿ ಕಿವಿಯಿಟ್ಟು ನಿಂತ ದೊಡ್ಡ ಡಾಕ್ಟರು ಫೋನ್ ತೆಗೆದುಕೊಂಡು, "ನಾನು ಡಾಕ್ಟರು. ಅಲ್ಲೇ ಇರಪ್ಪ, ಬರ್ತಿದೀನಿ," ಎಂದು ಹೊರಡುತ್ತಾರೆ. ಹೊರಡುವಾಗ ಫೋನಕ್ಕನ ಬರಿಗಾಲು ನೋಡಿ ತಲೆಯಾಡಿಸುತ್ತಾರೆ.

ಈಗ ಬೇಕರಿಯವನು ಮತ್ತೆ ರಾತ್ರಿಪಾಳಿಗೆ ಬರುತ್ತಿದ್ದಾನೆ. ಸರದಿಗೆ ಕಾಯದೆ ಡಾಕ್ಟರನ್ನೇ ನೇರವಾಗಿ ಕಾಣುತ್ತಿದ್ದಾನೆ. ಇದನ್ನು ನಾನು ಬರೆಯಲು ಒಪ್ಪಿಗೆ ಕೊಟ್ಟಿದ್ದೂ ಅವನೇ. "ಬನ್ ಸುಟ್ಟಿದ್ದೊಂದು ಬಿಟ್ಟುಬಿಡಿ, ಮಾಲೀಕರು ಓದ್ತಾರೆ," ಎಂದಿದ್ದ. ಕ್ಷಮೆಯಿರಲಿ.

ಪೆನ್ಸಿಲಿನ ವಾರವನ್ನೂ ಮುಚ್ಚಿಡದೆ ವರದಿಯಲ್ಲಿ ಬರೆಯುವುದೆಂದು ತೀರ್ಮಾನವಾಗಿದೆ. ಎರಡು ಚಿತ್ರಗಳೂ ಅಕ್ಕಪಕ್ಕ ಅಚ್ಚಾಗುತ್ತವೆ. "ಹತ್ತು ವರ್ಷದ ಚಿಕಿತ್ಸೆ ಅರ್ಧ ಸೋತ ಹಾಗೆ ಕಾಣತ್ತೆ. ಕಾಣಲಿ," ಎನ್ನುತ್ತಾರೆ ದೊಡ್ಡ ಡಾಕ್ಟರು. ಬೆರಗು ಇನ್ನೂ ಇಳಿದಿಲ್ಲ ಅವರಿಗೆ. ಮುಂದಿನ ಸಂಶೋಧನೆಗೆ ಮೂರು ಪಾಲು: ಚಿಕಿತ್ಸೆ, ಕಾಯುವಿಕೆ, ಬರೀ ಹೂಂ. ಒಬ್ಬರ ಹೂಂ ಸಾಲದು, ಬೇರೆಯವರಿಂದಲೂ ಆಗುತ್ತದೋ ನೋಡಬೇಕು ಎಂದು ಮೇಡಂ ಹಟ ಹಿಡಿದಿರುವುದರಿಂದ ರೈಲು ಮಾಮ ಕಲಿಯುತ್ತಿದ್ದಾರೆ. ಅವರ ಹೂಂ ಇನ್ನೂ ಗಾಡಿಗೆ ಹಸಿರು ಬಾವುಟ ತೋರಿಸಿದಂತೆಯೇ ಇದೆ.

ಫೋನಕ್ಕನಿಗೆ ಏನು ಬೇಕೆಂದು ದೊಡ್ಡ ಡಾಕ್ಟರೇ ಕೇಳಿದರಂತೆ. ವರದಿಯಲ್ಲಿ ಹೆಸರು? ಹೊಸ ಹುದ್ದೆ?

"ಕಿಟಕಿಗೆ ದಪ್ಪ ಗಾಜು ಹಾಕ್ಸಿಕೊಡಿ ಅಂದೆ," ಎನ್ನುತ್ತಾರೆ ಫೋನಕ್ಕ, ರಿಸೀವರ್ ಒರೆಸುತ್ತ. ಕೆಳಗೆ ಹಾಲಿನ ಲಾರಿ ಕುಂಯ್‌ಗುಡುತ್ತಿದೆ. "ಜನ ಮಾತಾಡೋಕೆ ಮುಂಚೆ ಒಂದು ಉಸಿರು ಎಳ್ಕೋತಾರೆ. ಈ ಗಲಾಟೇಲಿ ಅದು ಕೇಳಿಸಲ್ಲ."