ದನಕ್ಕೋ, ಜನಕ್ಕೋ?

ಪ್ಲಗ್ಗಿನ ಹಿತ್ತಾಳೆ ಮೂತಿ ತೂತಿನ ಬಾಯಿಗೆ ಬಂದು ನಿಂತಿರುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಅದನ್ನು ಹಿಡಿದ ಎರಡು ಬೆರಳುಗಳ ತುದಿ ಬಿಳಿಚಿಕೊಂಡಿರುತ್ತಿತ್ತು. ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಸಾಹೇಬರನ್ನು ನೆನೆದರೆ ಮುಖಕ್ಕಿಂತ ಮೊದಲು ನನಗೆ ಕಾಣುವುದು ಆ ಬೆರಳುಗಳು. ಎಪ್ಪತ್ತರ ದಶಕದ ಕೊನೆಗೆ ನಾನು ಅವರ ಪಕ್ಕದ ಕುರ್ಚಿಯಲ್ಲಿ ಕೆಲಸ ಕಲಿಯುತ್ತಿದ್ದೆ.

ಆಗ ಯಾರೂ ನಂಬರ್ ಹೇಳುತ್ತಿರಲಿಲ್ಲ. "ಪೋಸ್ಟ್‌ಮಾಸ್ಟರಿಗೆ ಕೊಡಿ" ಎಂದರೆ ಸಾಹೇಬರು ಮರುಮಾತಿಲ್ಲದೆ ಕೊಡುತ್ತಿದ್ದರು, ಪೋಸ್ಟ್‌ಮಾಸ್ಟರು ಒಬ್ಬರೇ. ಡಾಕ್ಟರ ವಿಷಯವೂ ಮೊದಲು ಹಾಗೇ ಇತ್ತಂತೆ. ದನದ ಡಾಕ್ಟರ ಮನೆಗೆ ಫೋನ್ ಬಂದ ದಿನದಿಂದ ಒಂದು ಪ್ರಶ್ನೆ ಶುರುವಾಯಿತು: "ದನಕ್ಕೋ, ಜನಕ್ಕೋ?"

ಕರೆ ಬಂದಾಗ ಬೋರ್ಡಿನಲ್ಲಿ ಆ ಮನೆಯ ಹೆಸರಿನ ಪುಟ್ಟ ಮುಚ್ಚಳ ಕೆಳಗೆ ಬೀಳುತ್ತಿತ್ತು; ಯಾವ ಮನೆಯದು ಬಿತ್ತೆಂದು ನೋಡಿಯೇ ಅವರು ಪ್ಲಗ್ಗನ್ನು ಸರಿಯಾದ ತೂತಿನ ಹತ್ತಿರ ಒಯ್ದಿರುತ್ತಿದ್ದರು. ಆದರೂ ಕೇಳುತ್ತಿದ್ದರು. "ಊಹೆ ಮಾಡು ತಂಗಿ, ಕೈ ಬೇಗ ಆಗ್ತದೆ. ಕೇಳದೆ ಮಾತ್ರ ಚುಚ್ಚಬೇಡ" ಎನ್ನುತ್ತಿದ್ದರು.

ಭಂಡಿಗಡಿಯ ಯಜಮಾನರೊಬ್ಬರಿಗೆ ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತಿತ್ತು. ಮನೆ ತುಂಬ ಎಮ್ಮೆ. ಅವರ ಮನೆಯವರಿಗೆ ಡಾಕ್ಟರೆಂದರೆ ದನದ ಡಾಕ್ಟರೇ. "ನಾವು ಯಾವತ್ತಾದ್ರೂ ಜನದ ಡಾಕ್ಟ್ರಿಗೆ ಮಾಡಿದ್ದುಂಟಾ ಮಾರಾಯ್ರೆ? ಎಂತಕ್ಕೆ ತಲೆ ತಿಂತೀರಿ?" ಎಂದು ರೇಗುತ್ತಿದ್ದರು. ಕೊನೆಗೆ ದೂರು ಕೊಟ್ಟರು. ಟೆಲಿಫೋನ್ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ನನ್ನೆದುರಿಗೇ ಹೇಳಿದರು: ಆ ಮನೆಯವರನ್ನು ಇನ್ನೊಮ್ಮೆ ಪ್ರಶ್ನೆ ಕೇಳಿದರೆ ಕುರ್ಚಿ ಖಾಲಿ ಮಾಡಬೇಕಾಗುತ್ತದೆ. ಸಾಹೇಬರದು ದೊಡ್ಡ ಸಂಸಾರ. ಅವರು ತಲೆತಗ್ಗಿಸಿ ಕೇಳಿಸಿಕೊಂಡರು.

ಅದೇ ವಾರ ಒಂದು ಮಧ್ಯಾಹ್ನ ಭಂಡಿಗಡಿಯ ಮುಚ್ಚಳ ಟಕ್ಕೆಂದು ಬಿತ್ತು. ಹಿಂದಿನ ದಿನವಷ್ಟೇ ಆ ಮನೆಯ ಎಮ್ಮೆಯೊಂದು ಕರು ಹಾಕಲು ಕಷ್ಟಪಡುತ್ತಿದೆಯೆಂದು ದನದ ಡಾಕ್ಟರಿಗೆ ಕರೆ ಹೋಗಿತ್ತು. ಈಗ ಸೊಸೆಯ ಧ್ವನಿ: "ಡಾಕ್ಟ್ರಿಗೆ ಕೊಡಿ, ಬೇಗ! ರಕ್ತ ನಿಲ್ತಾ ಇಲ್ಲ!"

ಸಾಹೇಬರ ಪ್ಲಗ್ಗು ದನದ ಡಾಕ್ಟರ ತೂತಿನ ಬಾಯಲ್ಲಿತ್ತು. "ಕೇಳ್ಬೇಡಿ ಸಾಹೇಬ್ರೆ, ಕೊಟ್ಟುಬಿಡಿ" ಎಂದು ಅವರ ತೋಳು ಹಿಡಿದೆ. ನನಗೆ ಅವರ ಕೆಲಸದ ಭಯ. ಅವರು ನನ್ನತ್ತ ನೋಡಲೂ ಇಲ್ಲ.

"ದನಕ್ಕೋ, ಜನಕ್ಕೋ?"

ಮುಗಿಯಿತು, ಇನ್ನು ಯಜಮಾನರೇ ಫೋನಿಗೆ ಬಂದು ಬೈಯುತ್ತಾರೆ ಅಂದುಕೊಂಡೆ.

"ಜನಕ್ಕೆ! ನಮ್ಮ ಮಾವನಿಗೆ! ಎಮ್ಮೆ ತಿವಿದಿದೆ!"

ಪ್ಲಗ್ಗು ಆಸ್ಪತ್ರೆಯ ತೂತಿಗೆ ಹಾರಿತು. ಅಲ್ಲಿ ಯಾರೋ ಹರಟುತ್ತಿದ್ದರು. "ಲೈನ್ ಬಿಡಿ ಮಾರಾಯ್ರೆ, ಜೀವ ಹೋಗ್ತಾ ಉಂಟು!" ಸಾಹೇಬರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡಾಕ್ಟರು ಜೀಪಿನಲ್ಲಿ ಹೊರಟರೆಂದು ತಿಳಿಯುವವರೆಗೆ ಸಾಹೇಬರು ಆ ಪ್ಲಗ್ಗಿನಿಂದ ಕೈ ತೆಗೆಯಲಿಲ್ಲ. ದನದ ಡಾಕ್ಟರು ಅವತ್ತು ಹಿರೇಕೊಡಿಗೆಗೆ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ಅಲ್ಲಿಗೆ ಕೊಟ್ಟಿದ್ದರೆ ಖಾಲಿ ಮನೆಯಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು.

ಯಜಮಾನರು ಉಳಿದರು. ದೂರು ತಾನಾಗಿ ತಣ್ಣಗಾಯಿತು.

ನಾನು ಮುಂದೆ ಓದಿ, ಎಂಬತ್ತರ ದಶಕದ ಕೊನೆಗೆ ಕಂಪೈಲರ್ ಬರೆಯುವ ಗುಂಪಿಗೆ ಸೇರಿದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರಿನ ಕೆಲಸ. ಆಗಿನ ಹೊಸ ಆಬ್ಜೆಕ್ಟ್ ಭಾಷೆಗಳಲ್ಲಿ "ಡಾಕ್ಟರಿಗೆ ಕೊಡಿ" ಎಂಬಂಥ ಕರೆಗಳೇ ತುಂಬಿದ್ದವು. ಕರೆಯ ಹೆಸರು ಒಂದೇ, ಎದುರಿಗಿರುವ ಆಬ್ಜೆಕ್ಟ್ ಯಾವ ಬಗೆಯದೋ ಅದಕ್ಕೆ ತಕ್ಕಂತೆ ಓಡುವ ಫಂಕ್ಷನ್ ಬೇರೆ. ಇವನ್ನು ವರ್ಚುವಲ್ ಫಂಕ್ಷನ್ ಎನ್ನುತ್ತಾರೆ. ಯಾವ ಬಗೆಗೆ ಯಾವ ಫಂಕ್ಷನ್ ಎಂದು ಬರೆದಿಟ್ಟ ಕೋಷ್ಟಕವನ್ನು ಪ್ರತಿ ಸಲ ನೋಡಿ ಅದರ ವಿಳಾಸ ಹುಡುಕುವುದರಲ್ಲಿ ಹೊತ್ತು ಹೋಗುತ್ತದೆ. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಬಗೆ ಇದೆ ಎಂದು ಖಾತ್ರಿಯಾದರೆ ಕಂಪೈಲರ್ ನೇರ ಕರೆ ಬರೆದುಬಿಡಬಹುದು, ಪೋಸ್ಟ್‌ಮಾಸ್ಟರಿಗೆ ಕೊಟ್ಟಂತೆ. ಹೊಸ ಬಗೆಯೊಂದು ಸೇರಿದರೆ ಆ ಖಾತ್ರಿ ಹೋಯಿತು. ಆಗ ಹೆಚ್ಚಾಗಿ ಬರುವ ಬಗೆಯನ್ನು ಊಹಿಸಿ, ಇದು ಅದೇ ಬಗೆಯದೋ ಎಂದು ಒಂದು ಸಣ್ಣ ಪ್ರಶ್ನೆ ಹಾಕಬೇಕು. ಊಹೆ ಸರಿಯಾದರೆ ನೇರ ಕರೆ, ತಪ್ಪಿದರೆ ಕೋಷ್ಟಕ.

ನಮ್ಮ ಮುಖ್ಯಸ್ಥರು ಆ ಪ್ರಶ್ನೆಯನ್ನೂ ತೆಗೆ ಎಂದರು. ಪರೀಕ್ಷೆಯಲ್ಲಿ ಊಹೆ ಒಮ್ಮೆಯೂ ತಪ್ಪಿಲ್ಲವಲ್ಲ ಎಂಬುದು ಅವರ ವಾದ. ನಾನು ತೆಗೆಯುವುದಿಲ್ಲ ಎಂದೆ. ದೊಡ್ಡ ಜಗಳವೇ ಆಯಿತು.

ರಜೆಗೆ ಬಂದಾಗ ನಿವೃತ್ತರಾಗಿದ್ದ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಕಾಯಿಲೆಯಿಂದ ಇಳಿದುಹೋಗಿದ್ದರು. "ಕೇಳೋಕೆ ನಿನ್ನ ಯಂತ್ರಕ್ಕೆ ಎಷ್ಟು ಹೊತ್ತು ಬೇಕು?" ಎಂದರು.

"ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ."

"ಮತ್ತೆ ಎಂತ ಜಗಳ? ಕೇಳ್ಲಿ ಬಿಡು."

ಪ್ರಶ್ನೆ ಉಳಿಯಿತು. ಅದನ್ನು ಉಳಿಸುವ ಧೈರ್ಯ ನನಗೆ ಬಂದದ್ದು ಅವರಿಂದ.

ಕೆಲವು ತಿಂಗಳಲ್ಲಿ ಅವರು ತೀರಿಕೊಂಡರು. ನಿವೃತ್ತಿಯ ಮೇಲೆ ಅವರು ನೆಲೆಸಿದ್ದ ನರಸಿಂಹರಾಜಪುರದ ಮನೆಯೆದುರು ಜನ ಸೇರಿದ್ದಾಗ ಭಂಡಿಗಡಿಯ ಯಜಮಾನರೂ ಕೋಲೂರಿಕೊಂಡು ಬಂದಿದ್ದರು. ಚಪ್ಪಲಿ ಕಳಚಿ, ಗೋಡೆಗೆ ಒರಗಿ ನಿಂತೇ ಇದ್ದರು. ಸಾಹೇಬರ ಅಳಿಯ ಕುರ್ಚಿ ತಂದುಕೊಟ್ಟು, "ನಿಮಗೆ ಮಾವನ ಪರಿಚಯ ಹೇಗೆ?" ಎಂದು ವಿಚಾರಿಸಿದರು.

ಯಜಮಾನರು ಕೂರಲಿಲ್ಲ. "ಕೇಳ್ಬೇಡಿ ಅಂತ ಬೈದಿದ್ದೆ ಮಾರಾಯ್ರೆ" ಎಂದರು. "ಆದ್ರೂ ಅವತ್ತು ಕೇಳಿದ್ರು."