ಭಾವನ ಕೈಗುಣ

ನನ್ನ ಭಾವ ಇಪ್ಪತ್ತೇಳು ವರ್ಷ ಕಾರುಗಳ ಜೊತೆ ಬಾಳಿದರು. ಅಕ್ಕನ ಜೊತೆಯೂ ಬಾಳಿದರು ಅನ್ನಿ, ಆದರೆ ಅದು ಕಾರುಗಳಿಗೆಲ್ಲ ಹೊದಿಕೆ ಹೊದಿಸಿ ಬಂದ ಮೇಲೆ ಉಳಿದ ಹೊತ್ತಿನಲ್ಲಿ. ನಾನು ಬಟ್ಟೆ ಹೊಲಿಯುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನಾಲಿಗೆಯೂ ಸ್ವಲ್ಪ ಹರಿತ. ಅದಕ್ಕೇ ಭಾವ ನನ್ನನ್ನು ಕರೆಯುವುದು ‘ಕತ್ತರಿ’ ಎಂದು. ಆ ಹೊದಿಕೆಗಳನ್ನು ಹೊಲಿದುಕೊಟ್ಟವಳೂ ನಾನೇ. ಹಾಗಾಗಿ ಆ ಹನ್ನೊಂದು ಕಾರುಗಳ ಸೊಂಟ, ಬೆನ್ನು, ಭುಜದ ಅಳತೆ ನನಗೆ ಬಾಯಿಪಾಠ.

ಅವು ಸಾಹುಕಾರರ ಕಾರುಗಳು. ಒಂದಾನೊಂದು ಕಾಲದಲ್ಲಿ ರೇಸುಗಳಲ್ಲಿ ಓಡಿ, ಗೆದ್ದು, ಸೋತು, ಕೊನೆಗೆ ಇವರ ಶೆಡ್ಡು ಸೇರಿದ್ದವು. ಬಾಗಿಲಿಲ್ಲ, ಚಾವಣಿ ಇಲ್ಲ, ಒಬ್ಬರು ಮೈ ಮುದುರಿಕೊಂಡು ಕೂರುವಷ್ಟು ಜಾಗ. ಬಾನೆಟ್ಟಿನ ಮೇಲೆ ಚರ್ಮದ ಬೆಲ್ಟು, ಪಕ್ಕದಲ್ಲಿ ಬಿಳಿ ಬಣ್ಣದ ಅಂಕಿ. ಈಗ ಅವು ಎಲ್ಲಿಗೂ ಓಡುತ್ತಿರಲಿಲ್ಲ. ತಿಂಗಳಿಗೊಂದು ಭಾನುವಾರ ಸಾಹುಕಾರರು ಗೆಳೆಯರನ್ನು ಕರೆಸುವುದು, ಭಾವ ಒಂದೊಂದನ್ನೇ ಸ್ಟಾರ್ಟ್ ಮಾಡುವುದು, ಬಂದವರು ಕಿವಿ ಮುಚ್ಚಿಕೊಂಡು ನಗುವುದು, ಅಷ್ಟೇ. ಹೋಗುವಾಗ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: “ಇವನ ಕೈಗುಣ ಕಣ್ರೀ.” ಬೇರೆ ಯಾರು ಮುಟ್ಟಿದರೂ ಅವುಗಳಲ್ಲಿ ನಾಲ್ಕು ಕಾರುಗಳು ಅರ್ಧ ನಿಮಿಷ ಗುಡುಗಿ ಸುಮ್ಮನಾಗುತ್ತಿದ್ದವು. ಭಾವ ಮುಟ್ಟಿದರೆ ಮಾತ್ರ ನಿಲ್ಲುತ್ತಿರಲಿಲ್ಲ.

ಶೆಡ್ಡಿನ ಮೇಲೊಂದು ಕೋಣೆ. ಅದೇ ಅಕ್ಕನ ಸಂಸಾರ. ಅದಕ್ಕಿದ್ದ ಒಂದೇ ಕಿಟಕಿ ಬೀದಿಗೆ ತೆರೆಯುತ್ತಿರಲಿಲ್ಲ, ಶೆಡ್ಡಿನ ಒಳಗೆ ತೆರೆಯುತ್ತಿತ್ತು. ಮದುವೆಯಾಗಿ ಬಂದ ದಿನದಿಂದ ಅಕ್ಕ ಆ ಕಿಟಕಿಯಲ್ಲಿ ನೋಡಿದ್ದು ಹನ್ನೊಂದು ಕಾರುಗಳ ಬೆನ್ನು. ಕೆಳಗೆ ಪೆಟ್ರೋಲು ಇರುವುದರಿಂದ ಕಡ್ಡಿ ಗೀರುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಅಡುಗೆಯೆಲ್ಲ ಕರೆಂಟಿನ ಒಲೆಯಲ್ಲಿ, ಕರೆಂಟು ಹೋದರೆ ಅವತ್ತು ಬ್ರೆಡ್ಡು. ಒಡಹುಟ್ಟಿದ ತಂಗಿಯಾದ ನಾನು ಅವಳನ್ನು ನೋಡಬೇಕಾದರೆ ಗೇಟಿನ ಪುಸ್ತಕದಲ್ಲಿ ಹೆಸರು, ಬಂದ ಕಾರಣ, ಬಂದ ವೇಳೆ ಬರೆಯಬೇಕು. ‘ಕಾರಣ’ದ ಜಾಗದಲ್ಲಿ ಒಮ್ಮೆ ‘ಹೊಟ್ಟೆ ಉರಿ’ ಎಂದು ಬರೆದಿದ್ದೆ. ಕಾವಲಿನವನು ಓದದೆಯೇ ಸಹಿ ಹಾಕಿದ. ಏಳು ಗಂಟೆಗೆ ಗೇಟಿಗೆ ಬೀಗ. ಅಕ್ಕ ಅದಕ್ಕೆ ಒಗ್ಗಿಹೋಗಿದ್ದಾಳೆ ಎಂದೇ ನಾನು ತಿಳಿದಿದ್ದೆ.

ನನ್ನ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ ಖಾಲಿಯಾದಾಗ ಅಕ್ಕ ಬಂದು ನೋಡಿದಳು. ಬೀದಿ ಕಡೆಯ ಕಿಟಕಿ ತೆಗೆದು, ತರಕಾರಿ ಗಾಡಿಯವನು ಗಿರಾಕಿಯ ಜೊತೆ ಜಗಳವಾಡುವುದನ್ನು ಕಾಲು ಗಂಟೆ ನೋಡುತ್ತಾ ನಿಂತಳು. ಆಮೇಲೆ ಹೇಳಿದಳು:

“ಒಂದನೇ ತಾರೀಕಿಗೆ ನಾನು ಇಲ್ಲಿಗೆ ಬರ್ತೀನಿ ಕಣೇ. ಅವರು ಬಂದ್ರೆ ಅವರ ಜೊತೆ. ಬರದಿದ್ರೆ ಒಬ್ಳೇ.”

ಅವಳ ದನಿ ನನಗೆ ಗೊತ್ತು. ಅದು ಬೆದರಿಕೆಯಾಗಿರಲಿಲ್ಲ.

ಭಾವನಿಗೂ ಬರುವ ಆಸೆಯಿತ್ತು. ಸಾಹುಕಾರರೂ ಬೇಡ ಅಂದಿರಲಿಲ್ಲ. ಅವರ ಷರತ್ತು ಒಂದೇ: ಹನ್ನೊಂದನ್ನೂ ತಮ್ಮ ಕಣ್ಣೆದುರು ಸ್ಟಾರ್ಟ್ ಮಾಡಿ ತೋರಿಸುವ ಒಬ್ಬನನ್ನು ತಯಾರು ಮಾಡು, ಅವತ್ತೇ ಹೋಗು. ಆದರೆ ಪರೀಕ್ಷೆಯ ಹೊತ್ತಿನಲ್ಲಿ ಒಂದು ಬೋಲ್ಟನ್ನೂ ಬಿಚ್ಚುವಂತಿಲ್ಲ. ಇಬ್ಬರು ಬಂದು ಸೋತು ಹೋದರು. ಮೂರನೆಯವರು ಬಸ್ ಡಿಪೋದ ಮೇಸ್ತ್ರಿ. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. ಏಳು ಕಾರುಗಳನ್ನು ನೀರು ಕುಡಿದಷ್ಟು ಸುಲಭವಾಗಿ ಎಬ್ಬಿಸಿದರು. ಉಳಿದ ನಾಲ್ಕು ಅವರಿಗೂ ಕೈಕೊಟ್ಟವು. ಅವತ್ತು ನಾನು ಹೊಸ ಹೊದಿಕೆ ಕೊಡಲೆಂದು ಬಂದು ಅಲ್ಲೇ ಇದ್ದೆ. ಮೇಸ್ತ್ರಿ ತಮ್ಮ ಅಂಗೈಯನ್ನೇ ನೋಡಿಕೊಂಡು, “ನನ್ನ ಕೈಯಲ್ಲಿ ಆಗಲ್ಲ ಬಿಡಿ” ಎಂದು ಹೊರಟುಹೋದರು. ಭಾವ ತಲೆ ಎತ್ತಲಿಲ್ಲ.

ಬಟ್ಟೆ ಹೊಲಿಯುವವರು ಬೇರೇನು ನೋಡದಿದ್ದರೂ ಬಟ್ಟೆ ನೋಡುತ್ತಾರೆ. ಆ ನಾಲ್ಕು ಕಾರುಗಳನ್ನು ಸ್ಟಾರ್ಟ್ ಮಾಡುವಾಗ ಮಾತ್ರ ಭಾವ ಸೀಟಿನ ಕೆಳಗೆ ಕೈ ಹಾಕುವ ಮುಂಚೆ ಕೈಮೇಲೆ ಒಂದು ತುಂಡು ಬಟ್ಟೆ ಹಾಕಿಕೊಳ್ಳುತ್ತಿದ್ದರು. ನನ್ನ ಅಂಗಡಿಯದೇ ತುಂಡು. ಉಳಿದ ಏಳಕ್ಕೆ ಬಟ್ಟೆ ಬೇಕಿರಲಿಲ್ಲ. ಡಿಪೋ ಮೇಸ್ತ್ರಿ ಹೋದ ಮೇಲೆ ಕೇಳಿಯೇಬಿಟ್ಟೆ:

“ಭಾವ, ಆ ಬಟ್ಟೆ ಕೆಳಗೆ ಏನಿಟ್ಟಿದ್ದೀರಿ?”

“ಏನಿಲ್ಲ ಕಣೇ ಕತ್ತರಿ.”

“ಏನಿಲ್ಲದ್ದನ್ನ ಯಾರೂ ಮುಚ್ಚಿಕೊಳ್ಳಲ್ಲ.”

ಬೆಳ್ಳಿ ಬಣ್ಣದ ಕಾರಿನ ಚಕ್ರದ ಮೇಲೆ ಕೂತು ಅವರು ಹೇಳಿದರು. ಸೀಟಿನ ಕೆಳಗೆ ಪೆಟ್ರೋಲು ಬಿಡುವ ಒಂದು ನಲ್ಲಿ ಇರುತ್ತದೆ. ಅದರ ಹಿಡಿ ಪೈಪಿನ ಉದ್ದಕ್ಕೆ ನಿಂತರೆ ತೆರೆದಿದೆ, ಅಡ್ಡ ನಿಂತರೆ ಮುಚ್ಚಿದೆ. ಜಗತ್ತಿನ ಎಲ್ಲ ನಲ್ಲಿಗೂ ಅದೇ ಲೆಕ್ಕ. ಭಾವ ಆ ನಾಲ್ಕು ಕಾರುಗಳಲ್ಲಿ ಹಿಡಿಯನ್ನು ಬಿಚ್ಚಿ, ತಿರುಗಿಸಿ ಕೂರಿಸಿದ್ದರು. ಯಾರಾದರೂ ಉದ್ದಕ್ಕೆ ತಿರುಗಿಸಿದರೆ ನಲ್ಲಿ ತೆರೆಯುವ ಬದಲು ಮುಚ್ಚಿಕೊಳ್ಳುತ್ತಿತ್ತು. ಕಾರ್ಬುರೇಟರಿನಲ್ಲಿ ಉಳಿದ ತೊಟ್ಟು ಪೆಟ್ರೋಲಿಗೆ ಕಾರು ಅರ್ಧ ನಿಮಿಷ ಓಡಿ ನಿಲ್ಲುತ್ತಿತ್ತು. ಅಷ್ಟೇ. ಅದೇ ಕೈಗುಣ.

“ಯಾಕೆ?” ಎಂದೆ.

ಭಾವ ಕೆಲಸಕ್ಕೆ ಸೇರಿದಾಗ ಅಲ್ಲಿ ಒಬ್ಬ ಹಳೆಯ ಮೇಸ್ತ್ರಿ ಇದ್ದರು. ಭಾವನಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದೇ ಅವರು. ಮರುವರ್ಷ ಸಾಹುಕಾರರು ‘ಇಬ್ಬರು ಬೇಕಿಲ್ಲ, ಒಬ್ಬನನ್ನ ಇಟ್ಟುಕೊಳ್ತೀನಿ’ ಅಂದರು. ಆಗಷ್ಟೇ ಮದುವೆಯಾಗಿತ್ತು. ಕೋಣೆ ಸಿಕ್ಕಿದ್ದು ಕೆಲಸದ ಜೊತೆಗೆ. ಭಾವ ಹಿಡಿಗಳನ್ನು ತಿರುಗಿಸಿದರು. ಹಳೆಯ ಮೇಸ್ತ್ರಿ ಹದಿನೈದು ವರ್ಷ ಆ ನಲ್ಲಿಯನ್ನು ನೋಡದೆ, ಬರೀ ಕೈಯಿಂದ ತಡವಿ ತೆಗೆದವರು. ಕಾರು ನಿಂತಾಗ ಪ್ಲಗ್ಗು ನೋಡಿದರು, ತಂತಿ ನೋಡಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ನಲ್ಲಿಯನ್ನು ಮಾತ್ರ ನೋಡಲಿಲ್ಲ. ಅದು ತೆರೆದಿದೆ ಎಂದು ಅವರ ಕೈಯೇ ಹೇಳುತ್ತಿತ್ತಲ್ಲ. ಸಾಹುಕಾರರ ಅತಿಥಿಗಳ ಮುಂದೆ ನಾಲ್ಕೂ ನಿಂತ ಭಾನುವಾರ ಅವರ ಕೆಲಸ ಹೋಯಿತು.

“ಈಗೆಲ್ಲಿದ್ದಾರೆ?”

“ಪೇಟೆ ಆಚೆ ಸೈಕಲ್ ಅಂಗಡಿ. ನಡೆಸೋದು ಅವರ ಹೆಂಡ್ತಿ. ಅವರು ಆಮೇಲೆ ಯಾವ ಯಂತ್ರನೂ ಮುಟ್ಟಲಿಲ್ಲ. ಕೈ ಹೋಯ್ತು ಅಂತಾರಂತೆ.”

ನನಗೆ ಮೈ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಇಪ್ಪತ್ತಾರು ವರ್ಷ ಅಕ್ಕನನ್ನು ಆ ಕೋಣೆಯಲ್ಲಿ ಕೂಡಿಹಾಕಿದ್ದು ಸಾಹುಕಾರರಲ್ಲ, ನಾಲ್ಕು ಹಿತ್ತಾಳೆಯ ಹಿಡಿಗಳು. ಹಿಡಿಗಳನ್ನು ಮೊದಲಿನ ಹಾಗೆ ಕೂರಿಸಿ ಡಿಪೋ ಮೇಸ್ತ್ರಿಯನ್ನು ಮತ್ತೆ ಕರೆಸಿ, ಮುಗಿಯಿತಲ್ಲ ಎಂದೆ.

“ಈ ವಾರ ಸೋತವರು ಬರೋ ವಾರ ಗೆದ್ದರೆ ಸಾಹುಕಾರರು ಏನನ್ಕೋತಾರೆ?”

“ನಿಮಗೆ ಭಯವೋ ಜಂಬವೋ ಭಾವ?”

“ಎರಡೂ” ಎಂದರು ಭಾವ. ಹೋಗಬೇಕು ಎಂದು ಅವರಿಗೆ ನಿಜಕ್ಕೂ ಇತ್ತು, ಆದರೆ ಕೈಗುಣದವನಾಗಿಯೇ ಹೋಗಬೇಕಿತ್ತು. ಈ ಗಂಡಸರಿಗೆ ಬಾಗಿಲು ತೆರೆದಿದ್ದರೂ ಮೆರವಣಿಗೆ ಬಾರದೆ ಹೊರಬರಲಾಗುವುದಿಲ್ಲ. ನಾನು ಅಕ್ಕನಿಗೆ ಈ ವಿಷಯ ಹೇಳಲಿಲ್ಲ. ಬಾಯಿ ಹೊಲಿದುಕೊಂಡೆ. ಅದು ನನ್ನ ತಪ್ಪು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಭಾವ ಹಿಡಿಗಳನ್ನು ಸರಿಮಾಡಿದರು. ಡಿಪೋ ಮೇಸ್ತ್ರಿಯ ಕೈಕಾಲು ಹಿಡಿದು ಕರೆತಂದವಳು ನಾನು. ಮರುದಿನ ಬೆಳಗ್ಗೆ ಸಾಹುಕಾರರು ಕುರ್ಚಿ ಹಾಕಿಸಿಕೊಂಡು ಕೂತರು. ಅಕ್ಕ ಮೇಲೆ ಕಿಟಕಿಯಲ್ಲಿ ನಿಂತಿದ್ದಳು, ಪೆಟ್ಟಿಗೆ ಕಟ್ಟಿಯಾಗಿತ್ತು. ಒಂದು, ಎರಡು, ಮೂರು ಎಂದು ಹನ್ನೊಂದೂ ಎದ್ದವು. ಯಾವುದೂ ನಿಲ್ಲಲಿಲ್ಲ. ಡಿಪೋ ಮೇಸ್ತ್ರಿ ನಂಬಲಾಗದೆ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು ನಕ್ಕರು. ಭಾವನ ಮುಖದಲ್ಲಿ ನಾನು ಅಷ್ಟು ವರ್ಷದಲ್ಲಿ ಕಾಣದ ಒಂದು ಹಗುರ ಕಂಡೆ.

ಎಲ್ಲವನ್ನೂ ಆರಿಸಿ ಹೊಗೆ ತಿಳಿಯಾದ ಮೇಲೆ ಸಾಹುಕಾರರು ಎದ್ದರು. ಆ ನಾಲ್ಕರಲ್ಲೊಂದಾದ ಬೆಳ್ಳಿ ಕಾರು ಅವರ ಮುದ್ದಿನದು. “ಒಂದ್ಸಲ ನಾನೂ ಕೂರ್ತೀನಿ” ಎಂದು ಕಷ್ಟಪಟ್ಟು ಒಳಗಿಳಿದರು. ಸೀಟಿನ ಕೆಳಗೆ ಕೈ ಹಾಕಿ, ತಾವೇ ಸ್ಟಾರ್ಟ್ ಮಾಡಿದರು. ಕಾರು ಗುಡುಗಿತು. ಅರ್ಧ ನಿಮಿಷಕ್ಕೆ ನಿಂತಿತು.

ಸಾಹುಕಾರರ ಕೈ ಇನ್ನೂ ಸೀಟಿನ ಕೆಳಗೇ ಇತ್ತು. ತಲೆ ತಿರುಗಿಸದೆ ಕೇಳಿದರು:

“ಯಾವಾಗ ಸರಿಮಾಡಿದೆ?”

ಅವರು ಹಿಡಿಯನ್ನು ಭಾವನ ಹಳೆಯ ಗುಟ್ಟಿನಂತೆ ಅಡ್ಡ ತಿರುಗಿಸಿದ್ದರು, ಸರಿಮಾಡಿದ ನಲ್ಲಿ ಅದಕ್ಕೆ ಮುಚ್ಚಿಕೊಂಡಿತ್ತು. ಹಾಗೆ ತಿರುಗಿಸಬೇಕೆಂದು ಭಾವನಿಗೆ ಮಾತ್ರ ಗೊತ್ತು ಎಂದು ನಾವು ತಿಳಿದಿದ್ದೆವು.

“ನಿನ್ನೆ” ಎಂದರು ಭಾವ. “ನಿಮಗೆ ಗೊತ್ತಿತ್ತಾ?”

“ಆಗ್ಲೇ, ಹಳೇ ಮೇಸ್ತ್ರಿನ ಕಳಿಸಿದ ವಾರಾನೇ ಗೊತ್ತಾಯ್ತು. ಒಬ್ಬನೇ ಕೂತು ಎಲ್ಲ ತಿರುಗಿಸಿ ನೋಡಿದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಇರ್ತಿದ್ದೆಯಾ?” ಸಾಹುಕಾರರ ದನಿಯಲ್ಲಿ ಕೋಪವಿರಲಿಲ್ಲ, ಊಟ ಆಯ್ತಾ ಎಂದು ಕೇಳಿದಷ್ಟು ಸಲೀಸು. “ಅಂಥ ಗುಟ್ಟು ಇಟ್ಕೊಂಡವನು ಬೇರೆ ಕಡೆ ಹೋಗಲ್ಲ. ಸಂಬಳ ಜಾಸ್ತಿ ಕೇಳಲ್ಲ. ಇಷ್ಟು ವರ್ಷ ಚೆನ್ನಾಗಿ ನೋಡಿಕೊಂಡೆ. ಹೋಗು, ಮಾತು ಕೊಟ್ಟಿದ್ದೀನಿ.”

ಭಾವ ಹೋಗಲಿಲ್ಲ. ಕಾಲು ನೆಲಕ್ಕೆ ಅಂಟಿದವರ ಹಾಗೆ ನಿಂತಿದ್ದರು. ಅವರು ಇನ್ನೊಬ್ಬರಿಗೆ ಹಾಕಿದ್ದ ಬೀಗದ ಹೊರಗೆ ಇನ್ನೊಂದು ಬೀಗ ಇತ್ತು, ಅದರ ಕೀಲಿ ಈ ಮನುಷ್ಯನ ಜೇಬಿನಲ್ಲಿತ್ತು. ಅಕ್ಕ ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದು ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನತ್ತ ನೋಡಿ, “ನಿಂಗೂ ಗೊತ್ತಿತ್ತಾ?” ಎಂದಳು. ಉತ್ತರಕ್ಕೆ ಅವಳು ಕಾಯಲಿಲ್ಲ. ಸಾಹುಕಾರರನ್ನು ನೋಡಲೂ ಇಲ್ಲ. ಭಾವನ ಎದುರು ನಿಂತು ಮೆಲ್ಲಗೆ ಹೇಳಿದಳು:

“ಆ ಹಳೇ ಮೇಸ್ತ್ರಿಗೆ ಹೋಗಿ ಹೇಳಿ. ಹೇಳಿ ಆದ್ಮೇಲೆ ಮನೆಗೆ ಬನ್ನಿ. ಹೇಳದೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ ರೀ.”

ಅಕ್ಕ ಮಾತು ತಪ್ಪುವವಳಲ್ಲ. ಭಾವ ಸೈಕಲ್ ಅಂಗಡಿಯ ಎದುರಿನ ಲಾಡ್ಜಿನಲ್ಲಿ ಕೋಣೆ ಹಿಡಿದರು. ದಿನಾ ಬೆಳಗ್ಗೆ ಹೇಳಲೆಂದು ಅಂಗಡಿಗೆ ಹೋಗುತ್ತಿದ್ದರು, ಏನಾದರೊಂದು ಕೊಂಡುಕೊಂಡು ವಾಪಸ್ಸು ಬರುತ್ತಿದ್ದರು. ಒಂದು ದಿನ ಬೆಲ್ಲು. ಒಂದು ದಿನ ಟ್ಯೂಬು. ಆಮೇಲೆ ಗಾಳಿ ಪಂಪು, ಪೆಡಲು, ಸೀಟಿನ ಕವರು. ಎಂಟನೆಯ ದಿನ ಅಂಗಡಿಯಮ್ಮ ನನಗೆ ಹೇಳಿಕಳಿಸಿದರು, ‘ನಿಮ್ಮ ಭಾವ ಸೈಕಲ್ಲೊಂದು ಬಿಟ್ಟು ಎಲ್ಲ ಕೊಂಡಿದ್ದಾರೆ, ಅವರಿಗೆ ಏನು ಬೇಕಂತೆ ಕೇಳಿ’ ಎಂದು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಂಬತ್ತನೆಯ ದಿನ ನಾನೇ ಅವರ ತೋಳು ಹಿಡಿದು ಕರೆದುಕೊಂಡು ಹೋದೆ.

ಹಳೆಯ ಮೇಸ್ತ್ರಿ ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತಿದ್ದರು. ಅವರ ಹೆಂಡತಿ ನೆಲದ ಮೇಲೆ ಕೂತು ಒಂದು ಹಿಂದಿನ ಚಕ್ರ ಬಿಚ್ಚುತ್ತಿದ್ದರು. ಭಾವ ನಿಂತುಕೊಂಡೇ ಹೇಳಿದರು. ಎರಡು ಮಾತಿನಲ್ಲಿ ಮುಗಿಯಿತು. “ನಲ್ಲಿಯ ಹಿಡಿ ತಿರುಗಿಸಿದ್ದು ನಾನು, ಸಾಹುಕಾರರಿಗೂ ಗೊತ್ತಿತ್ತು.” ಅಂಗಡಿಯಮ್ಮನ ಕೈ ನಿಂತಿತು. ಆಕೆ ಬೈಯುತ್ತಾರೆ ಎಂದು ನಾನು ಕಾದೆ.

ಮೇಸ್ತ್ರಿ ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದರು. ಮಗುಚಿ ನೋಡಿದರು.

“ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು ಮೇಸ್ತ್ರಿ.”

ಅವರು ಸ್ಟೂಲಿನಿಂದ ನಿಧಾನವಾಗಿ ಕೆಳಗಿಳಿದು ಹೆಂಡತಿಯ ಪಕ್ಕ ಕೂತರು. ಸ್ಪ್ಯಾನರಿಗೆ ಕೈ ಚಾಚಿದರು, ಆಕೆ ಕೊಟ್ಟರು. ಚಕ್ರದ ನಟ್ಟು ತುಕ್ಕು ಹಿಡಿದಿತ್ತು. ಎರಡು ಸಲ ಸ್ಪ್ಯಾನರು ಜಾರಿತು. ಭಾವ ತಡೆಯಲಾರದೆ ಬಗ್ಗಿ ಕೈ ಮುಂದೆ ಮಾಡಿದರು.

“ಬೇಡ” ಎಂದರು ಮೇಸ್ತ್ರಿ. “ನೀನು ಮುಟ್ಟಬೇಡ.”

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು. ಅಕ್ಕ ಅವತ್ತು ಬಾಗಿಲು ತೆಗೆದಳು, ಆದರೆ ನಾವು ಮನೆ ಸೇರಿದ್ದು ತುಂಬಾ ತಡವಾಗಿ. ಆ ಒಂದು ನಟ್ಟು ಬಿಚ್ಚಲು ಮೇಸ್ತ್ರಿಗೆ ಮಧ್ಯಾಹ್ನವೆಲ್ಲ ಹಿಡಿಯಿತು, ಭಾವ ಅಲ್ಲೇ ನಿಂತಿದ್ದರು.