ಬೆಲೆಯಲ್ಲ, ಬೇಳೆ

ಕೀಲಿಮಣೆ ಮುಟ್ಟುವ ಮೊದಲು ನಮ್ಮ ಅತ್ತಿಗೆ ಹಸಿರು ಬಳೆಗಳನ್ನೆಲ್ಲ ಮೊಣಕೈತನಕ ಏರಿಸಿ, ಕೆಳಗೆ ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ ತೌಡಿನ ದೂಳು ಹುಬ್ಬಿನ ಮೇಲೂ ಕೂರುತ್ತಿತ್ತು. ಅವರ ಆ ಬಿಳಿ ಹುಬ್ಬು ಮೇಲೇರಿತೆಂದರೆ ಅವತ್ತು ಯಾರಿಗೋ ಗ್ರಹಚಾರ ಎಂದೇ ಲೆಕ್ಕ.

ಅದು ತೊಂಬತ್ತರ ದಶಕದ ಕೊನೆ. ಕಾಲುವೆ ನೀರಿನ ದಯೆಯಿಂದ ಗಿರಣಿ ಚೆನ್ನಾಗಿ ನಡೆದಿತ್ತು. ಹೊಸಪೇಟೆಯಲ್ಲೂ ಸಂಡೂರಿನಲ್ಲೂ ನಮ್ಮ ಅಂಗಡಿಗಳಿದ್ದವು. ಹೊಸಪೇಟೆಯಲ್ಲಿ ಕಂಪ್ಯೂಟರ್ ಕಲಿತಿದ್ದ ಅತ್ತಿಗೆ, ಯಾವ ಅಂಗಡಿಗೆ ಯಾವ ಮಾಲು ಎಂಬ ಸೂಚನೆ ತಾನಾಗಿಯೇ ಇಮೇಲ್‌ನಲ್ಲಿ ಹೋಗುವಂತೆ ಪ್ರೋಗ್ರಾಂ ಬರೆದರು. ಸೂಚನೆ ಹೋಗುತ್ತಿದ್ದುದು ಕನ್ನಡದಲ್ಲಿ. ಅಂಗಡಿ ಮುಟ್ಟುವಷ್ಟರಲ್ಲಿ ಅದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

"ಇಂಗ್ಲಿಷ್ ಅಕ್ಷರದಾಗ ಕನ್ನಡ ಬರಿಯವ್ವಾ. ಯಾಕ ಹಟ?" ಎಂದರು ಅಪ್ಪ.

"ಭಾಳ ಗೊಂದಲ ಆಕ್ಕೈತ್ರಿ ಮಾವಾರ," ಎಂದು ಅತ್ತಿಗೆ ಹೇಳಿದರೂ ಅಪ್ಪ ಕೇಳಲಿಲ್ಲ.

ಗೊಂದಲ ಮರುವಾರವೇ ಆಯಿತು. ಸಂಡೂರಿಗೆ ತೊಗರಿಬೇಳೆಯ ಲಾರಿ ಹೊರಟಿತ್ತು. "ಬೇಳೆ ಇಳಿಸಿ" ಎಂದು ಸೂಚನೆ ಹೋಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬೇಳೆಯೂ ಬೆಲೆಯೂ ಒಂದೇ. ಅಲ್ಲಿನ ಗುಮಾಸ್ತ ಎಲ್ಲದರ ಬೆಲೆ ಇಳಿಸಿದ! ಊರಿಗೆ ಊರೇ ಚೀಲ ಹಿಡಿದು ಬಂತು. ಮಧ್ಯಾಹ್ನಕ್ಕೆ ಅಂಗಡಿ ಖಾಲಿ. ಬೇಳೆ ಮಾತ್ರ ಲಾರಿಯಲ್ಲೇ ಕೂತಿತ್ತು.

ಅಪ್ಪ ಕೆಂಡವಾದರು. "ಸಾಕು ಮಾಡು! ಆ ಡಬ್ಬಿ ಮ್ಯಾಲ ಗೋಣಿಚೀಲ ಹೊಚ್ಚಿ ಮನಿಗೆ ನಡಿ. ಇನ್ನ ಫೋನಿನ್ಯಾಗ ಹೇಳೂಣು."

ಅತ್ತಿಗೆಯ ಹುಬ್ಬು ಏರಿತು. "ನಾ ಯಾಕ್ ಹೋಗ್ಲಿರಿ? ಇಂಗ್ಲಿಷ್ ಅಕ್ಷರ ಹಾಕು ಅಂದೋರು ನೀವು. ಗೋಣಿಚೀಲ ಯಾರಿಗೆ ಹೊಚ್ಚಬೇಕು, ನೀವಾ ಹೇಳ್ರಿ!"

ಹಮಾಲರು ನಗು ತಡೆಯಲಾರದೆ ಹೊರಗೆ ಓಡಿದರು. ಅಪ್ಪ ತಡವರಿಸಿ, "ಸೋಮವಾರದತನಕ ನೋಡ್ತೀನಿ. ಆಮ್ಯಾಲ ಕುರ್ಚಿ ಖಾಲಿ ಮಾಡ್ಬೇಕು," ಎಂದರು.

ಗಿರಣಿಯ ಲೆಕ್ಕ ನೋಡುತ್ತಿದ್ದ ನನ್ನನ್ನು ಅತ್ತಿಗೆ ಪಕ್ಕದಲ್ಲಿ ಕೂರಿಸಿಕೊಂಡರು. "ನೋಡು ತಮ್ಮಾ, ಟಪಾಲಿನ ದಾರ್ಯಾಗ ಇಂಗ್ಲಿಷಿಗಷ್ಟ ಜಾಗ ಐತಿ. ಕನ್ನಡಾನ ಹಂಗ ಬಿಟ್ರ ತಲಿ ಕತ್ತರಸ್ತಾರ. ಪೊಟ್ಟಣ ಕಟ್ಟಿ ಕಳಸೂಣು." ಪ್ರತಿ ಕನ್ನಡ ಅಕ್ಷರವನ್ನೂ ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಕಟ್ಟುವುದನ್ನು ಪ್ರೋಗ್ರಾಂಗೆ ಕಲಿಸಿದರು. ಒಳಗಿನ ಪೊಟ್ಟಣ ಬಿಚ್ಚುವ ಬಗೆಯನ್ನೂ, ಯಾವ ಅಕ್ಷರಪಟ್ಟಿ ಹಿಡಿದು ಓದಬೇಕೆಂಬುದನ್ನೂ ಪ್ರತಿ ಮೇಲ್‌ನ ತಲೆಯಲ್ಲೇ ಬರೆಸಿದರು. ಆಮೇಲೆ ಬಸ್ಸು ಹತ್ತಿ ಎರಡೂ ಅಂಗಡಿಗೆ ಹೋಗಿ, ಅಲ್ಲಿನ ಕಂಪ್ಯೂಟರುಗಳಿಗೆ ಕನ್ನಡದ ಫಾಂಟ್ ಹಾಕಿ ಬಂದರು.

ಸೋಮವಾರ ಅಪ್ಪನೇ ಸಂಡೂರಿಗೆ ಫೋನು ಹಚ್ಚಿದರು. "ಏನ್ ಬಂದೈತಿ? ಓದಲೇ."

ಗುಮಾಸ್ತನ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು. "'ಬೇಳೆ ಇಳಿಸಿ, ಬೆಲೆ ಮುಟ್ಟಬೇಡಿ' ಅಂತೈತ್ರಿ ಯಜಮಾನ್ರ!"

ಅಪ್ಪ ಫೋನು ಇಟ್ಟರು. ಮೀಸೆ ಸವರಿ, "ಕುಂದ್ರವ್ವಾ," ಎಂದರು.

"ನಾ ಎದ್ದಿದ್ದಾದ್ರೂ ಯಾವಾಗ್ರಿ?"

ಅತ್ತಿಗೆ ಈಗಿಲ್ಲ. ಅವರು ಹೋದ ಮೇಲೆ ನನಗೆ ಉಳಿದದ್ದು ಅವರ ಮೊಂಡುತನ. ಮೊನ್ನೆ ಒಂದು ಕಚೇರಿಯಲ್ಲಿ, "ಕನ್ನಡದ ಹೆಸರು ನಮ್ಮ ಸಿಸ್ಟಂ ತಗೊಳ್ಳಲ್ಲ ಸಾರ್," ಎಂದ ಹುಡುಗ.

"ತಗೊಳ್ಳೋ ಹಂಗ ಮಾಡ್ರಿ. ಅಲ್ಲೀತನಕ ಇಲ್ಲೇ ಇರ್ತೀನಿ," ಎಂದೆ.

ಇದ್ದೆ. ಮಾಡಿದರು.